ಜಾತ್ರೆಯಲ್ಲಿ ಮಾತಾಡದ ಹುಡುಗ ಸಿಕ್ಕರೆ: ಬಂದೋಬಸ್ತಿನಲ್ಲಿರುವ ಪೊಲೀಸರಿಗೆ

ಹೆಸರು ಕೇಳಿದರೆ ಸುಮ್ನೆ ನಿಲ್ಲುತ್ತಾನೆ, ಮುಖ ನೋಡುವುದಿಲ್ಲ, ಗದರಿದರೆ ಓಡುತ್ತಾನೆ. ಬಾದಾಮಿಯ ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಇಂಥವನು ಕಂಡರೆ ಕಳ್ಳ ಅಂತ ಅನುಮಾನ ಬರುತ್ತದೆ, ಅಲ್ವಾ? ಆದರೆ ಆಟಿಸಂ, ಅಂದರೆ ಮಾತು-ಬೆರೆಯುವಿಕೆ ಬೇರೆ ಥರ ಇರುವ, ಹುಟ್ಟಿನಿಂದಲೇ ಬಂದ ಮಿದುಳಿನ ಬೆಳವಣಿಗೆಯ ಸ್ಥಿತಿ, ಇರುವವರೂ ಹೀಗೇ ಮಾಡಬಹುದು. ಕಿವಿ ಮುಚ್ಚಿಕೊಳ್ಳುವುದು, ಕೈ ಒದರುವುದು, ಕೂತಲ್ಲೇ ತೂಗಾಡುವುದು, ನೀವು ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುವುದು, ಇವನ್ನು ಗಮನಿಸಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವವರ ನಡಿಗೆ ತಡವರಿಸಿದರೆ, ಮಾತು ತೊದಲಿದರೆ ಕುಡಿದಿದ್ದಾರೆ ಅಂದುಕೊಳ್ಳಬೇಡಿ. ನೀವು ಹೇಳಿದ್ದೆಲ್ಲ ಅವರಿಗೆ ಪೂರ್ತಿ ತಿಳಿಯುತ್ತಿರಬಹುದು.

ಮೊದಲು ಮೈಕಿನ ಸದ್ದಿನಿಂದ ದೂರ ಕರೆದುಕೊಂಡು ಹೋಗಿ. ಸೀಟಿ ಊದಬೇಡಿ. ಒಬ್ಬರೇ ಮಾತಾಡಿ, ‘ತಮ್ಮಾ, ಇಲ್ಲಿ ಕೂಡು’ ಅನ್ನುವಷ್ಟು ಚಿಕ್ಕದಾಗಿ ಹೇಳಿ, ಉತ್ತರಕ್ಕೆ ಕಾಯಿರಿ. ಕನ್ನಡಕ್ಕೆ ತಿರುಗದಿದ್ದರೆ ಮರಾಠಿಯಲ್ಲೋ ಉರ್ದುವಿನಲ್ಲೋ ಕೇಳಿ ನೋಡಿ. ಹಿಂದಿನಿಂದ ಮುಟ್ಟಬೇಡಿ. ಜೇಬು ನೋಡಬೇಕಾದರೆ ಹೇಳಿಯೇ ನೋಡಿ, ಯುಡಿಐಡಿ ಕಾರ್ಡೋ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮನೆಯವರ ನಂಬರೋ ಸಿಗಬಹುದು. ರಂಪ ಮಾಡಿದರೂ ಬೋರಲು ಕೆಡವಿ ಬೆನ್ನ ಮೇಲೆ ಕೂರಬೇಡಿ, ಉಸಿರೇ ನಿಂತುಹೋಗಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗುವುದು ‘ಹೂಂ’ ಅನ್ನುವ ಉತ್ತರದ ಬಗ್ಗೆ. ಬುದ್ಧಿಮಟ್ಟ ಕಡಿಮೆ ಇರುವ ಎಷ್ಟೋ ಜನ ಎದುರಿನವರನ್ನು ಸಮಾಧಾನ ಮಾಡಲು ಕೇಳಿದ್ದಕ್ಕೆಲ್ಲ ಹೂಂಗುಡುತ್ತಾರೆ. ‘ನೀನೇ ಕದ್ದಿಯಾ?’ ಹೂಂ. ‘ಇವನೇ ಕದ್ದನಾ?’ ಅದಕ್ಕೂ ಹೂಂ! ಅದನ್ನು ತಪ್ಪೊಪ್ಪಿಗೆ ಅಂತ ಬರೆದುಕೊಂಡರೆ ಒಬ್ಬ ಅಮಾಯಕನ ಬದುಕೇ ಹಾಳಾಗುತ್ತದೆ. ‘ಏನಾಯ್ತು?’ ಅಂತ ಕೇಳಿ, ಅವರ ಮಾತಲ್ಲೇ ಹೇಳಲು ಬಿಡಿ, ಮನೆಯವರನ್ನೋ ವಿಶೇಷ ಶಿಕ್ಷಕರನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ, ಸಾಕ್ಷಿ ಹೇಳಲು ಇಂಥವರನ್ನು ಠಾಣೆಗೆ ಬಾ ಅಂತ ಒತ್ತಾಯ ಮಾಡುವಂತಿಲ್ಲ, ನೀವೇ ಅವರ ಮನೆಗೆ ಹೋಗಬೇಕು. ಅವರ ಮೇಲೆ ದೌರ್ಜನ್ಯ ನಡೆದಿದೆ ಅಂತ ದೂರು ಬಂದರೆ ಉಚಿತ ಕಾನೂನು ನೆರವು ಸಿಗುತ್ತದೆ ಅಂತ ನೀವೇ ತಿಳಿಸಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಅದಿದೆ.

ಇನ್ನು ಮಗು ಕಾಣೆಯಾಗಿದೆ ಅಂತ ತಾಯಿ ಓಡಿಬಂದಾಗ, ಆಟಿಸಂ ಇದೆ ಅಂದರೆ ಮೊದಲು ನೀರಿನ ಕಡೆ ಜನರನ್ನು ಓಡಿಸಿ. ಇಂಥ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ. ಬನಶಂಕರಿಯಲ್ಲಿ ಗುಡಿ ಎದುರಿನ ಹರಿದ್ರಾ ತೀರ್ಥ, ಸವದತ್ತಿಯಲ್ಲಿ ಎಣ್ಣೆಹೊಂಡ, ಕೂಡಲಸಂಗಮದಲ್ಲಿ ಹೊಳೆ ದಂಡೆ. ಮೈಕಿನಲ್ಲಿ ಹೆಸರು ಕೂಗಿದರೆ ಸಾಲದು, ಮಗು ಓಗೊಡದೇ ಇರಬಹುದು. ಫೋಟೋ ಎಲ್ಲರ ಮೊಬೈಲಿಗೂ ಕಳಿಸಿ. ಮಗು ಸಿಕ್ಕ ಮೇಲೆ, ತಾಯಿ ಒಪ್ಪಿದರೆ, ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ ಅಂತ ಕೇಳಿ ಅವರ ಊರಿನ ಠಾಣೆಗೂ ತಿಳಿಸಿಡಿ.