ರಕ್ತಸ್ರಾವದಲ್ಲೂ ನಿಮಿಷಗಳಿಗೆ ಬೆಲೆಯಿದೆ: ನಮ್ಮ ತುರ್ತು ವಿಭಾಗದ ಅನುಭವ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆಗಿದ್ದರೆ ಇಡೀ ವಿಭಾಗ ಓಡುತ್ತದೆ. ಸಿ.ಟಿ.ಯಲ್ಲಿ ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾದದ್ದು ಕಂಡರೆ ಆ ಓಟ ಅಲ್ಲೇ ನಿಲ್ಲುತ್ತಿತ್ತು. ‘ಆಗಬೇಕಾದ ಹಾನಿ ಆಗಿಹೋಗಿದೆ, ಇನ್ನೇನು ಅವಸರ?’ ಎಂದು ಹಿರಿಯರೇ ಹೇಳುತ್ತಿದ್ದರು. ಹಾನಿ ಇನ್ನೂ ಆಗುತ್ತಲೇ ಇದೆ ಎಂದು ಅವರಿಗೆ ಮನವರಿಕೆ ಮಾಡಲು ನನಗೆ ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು.

ಮೊದಲು ಹಳೆಯ ಕೇಸ್ ಶೀಟ್‌ಗಳನ್ನು ತೆಗೆದು ಸಮಯ ನೋಡಿದೆ. ಬಾಗಿಲಿನಿಂದ ಸಿ.ಟಿ.ಗೆ ಸುಮಾರು ಅರ್ಧ ಗಂಟೆ, ಅದು ಪರವಾಗಿಲ್ಲ. ಸಿ.ಟಿ.ಯಿಂದ ರಕ್ತದೊತ್ತಡ ಇಳಿಸುವ ಔಷಧ ಶುರುವಾಗಲು ಒಂದೂವರೆ ಗಂಟೆ, ಕೆಲವೊಮ್ಮೆ ಎರಡು. ಮಿದುಳಿನೊಳಗೆ ಸೋರಿದ ರಕ್ತದ ಗಡ್ಡೆ ಬೆಳೆಯುವುದು ಹೆಚ್ಚಾಗಿ ಮೊದಲ ಕೆಲವೇ ಗಂಟೆಗಳಲ್ಲಿ. ಆ ಗಂಟೆಗಳನ್ನೇ ನಾವು ಐ.ಸಿ.ಯು. ಹಾಸಿಗೆಗೂ ಠೇವಣಿಯ ರಸೀದಿಗೂ ಕಾಯುತ್ತಾ ಕಳೆಯುತ್ತಿದ್ದೆವು.

ತರಬೇತಿ ಕೊಟ್ಟೆವು, ಗೋಡೆಗೆ ಪಟ್ಟಿ ಅಂಟಿಸಿದೆವು. ಒಂದು ನಿಮಿಷವೂ ಉಳಿಯಲಿಲ್ಲ. ನರಶಸ್ತ್ರಚಿಕಿತ್ಸಾ ವಿಭಾಗದ ಕಿರಿಯ ವೈದ್ಯರು ಕೆಳಗೆ ಬಂದು ನೋಡಲಿ ಎಂದು ಏರ್ಪಾಟು ಮಾಡಿದಾಗ ಸ್ಥಿತಿ ಇನ್ನೂ ಕೆಟ್ಟಿತು: ಅವರು ಬರುವವರೆಗೆ ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ. ಫಲ ಕೊಟ್ಟದ್ದು ಬಹಳ ಸರಳವಾದ ಬದಲಾವಣೆ. ಔಷಧವನ್ನೂ ಸಿರಿಂಜ್ ಪಂಪನ್ನೂ ಸಿ.ಟಿ. ಕೋಣೆಯಲ್ಲೇ ಇಟ್ಟೆವು. ಚಿತ್ರದಲ್ಲಿ ರಕ್ತ ಕಂಡೊಡನೆ, ರೋಗಿ ಮೇಜಿನಿಂದ ಇಳಿಯುವ ಮೊದಲೇ, ಮುಂಚಿತವಾಗಿ ಬರೆದಿಟ್ಟ ಆದೇಶದಂತೆ ನರ್ಸ್ ಶುರು ಮಾಡುತ್ತಾರೆ. ಮೇಲಿನ ರಕ್ತದೊತ್ತಡದ (ಸಿಸ್ಟೋಲಿಕ್) ಗುರಿ 140; 130ಕ್ಕಿಂತ ಕೆಳಗೆ ಬಿಡುವುದಿಲ್ಲ.

ನಿಜವಾದ ಜಗಳ ದುಡ್ಡಿನದು. ಬಿಲ್ ಆಗದೆ ಔಷಧ ಹೊರಗೆ ಹೋಗಬಾರದು ಎಂಬುದು ಔಷಧಾಲಯದ ನಿಯಮ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರಿಗೆ, ಅದರ ಪರಿಣಾಮವನ್ನು ಬೇಗ ಅಳಿಸಲು ಬೇಕಾದ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಚುಚ್ಚುಮದ್ದು ದುಬಾರಿ. ಬಳಸದೆ ಅವಧಿ ಮುಗಿದರೆ ನಷ್ಟ ಯಾರದು ಎಂದು ಆಡಳಿತ ಪಟ್ಟು ಹಿಡಿಯಿತು. ವಿಟಮಿನ್ ಕೆ ಒಂದೇ ಸಾಕಾಗದು, ಅದು ಕೆಲಸ ಮಾಡಲು ಗಂಟೆಗಳು ಬೇಕು. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾವನ್ನು (ರಕ್ತದ ದ್ರವಭಾಗ) ಕರಗಿಸುವಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಕೊನೆಗೆ ಅವಧಿ ಹತ್ತಿರವಾದ ಬಾಟಲಿಗಳನ್ನು ಹೃದಯ ಶಸ್ತ್ರಚಿಕಿತ್ಸೆಯವರಿಗೆ ಕೊಟ್ಟು ಹೊಸದನ್ನು ಪಡೆಯುವ ಒಪ್ಪಂದವಾಯಿತು. ಲೆಕ್ಕಪತ್ರ ವಿಭಾಗದ ಸಹಿ ಹೇಗೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ದಾರಿ ನನಗೆ ಇನ್ನೂ ಬೇಕಾಗಿದೆ. 2023ರಲ್ಲಿ ಇಂಟರಾಕ್ಟ್-3 ಪ್ರಯೋಗ ಪ್ರಕಟವಾದದ್ದು ಬಲ ತಂದಿತು. ರಕ್ತದೊತ್ತಡ, ಸಕ್ಕರೆ, ಜ್ವರ, ವಾರ್ಫರಿನ್‌ನ ಪರಿಣಾಮ ನಾಲ್ಕನ್ನೂ ಒಟ್ಟಿಗೆ ಬೇಗ ಹತೋಟಿಗೆ ತಂದರೆ ಆರು ತಿಂಗಳ ನಂತರದ ಅಂಗವೈಕಲ್ಯ ಕಡಿಮೆಯಾಗುತ್ತದೆ ಎಂದು 7,000ದಷ್ಟು ರೋಗಿಗಳಲ್ಲಿ ಅದು ತೋರಿಸಿತ್ತು.

ನಡುವೆ ಇನ್ನೊಂದು ಪ್ರಯತ್ನವೂ ನಡೆಯಿತು. ಔಷಧದಲ್ಲಿ ಅವಸರ ಒಳ್ಳೆಯದಾದರೆ ವ್ಯಾಯಾಮದಲ್ಲಿ ಏಕಿರಬಾರದು ಎಂದು ಸಣ್ಣ ರಕ್ತಸ್ರಾವದ ಕೆಲವರನ್ನು ಮೊದಲ ದಿನವೇ ಎಬ್ಬಿಸಿ ನಿಲ್ಲಿಸಿದೆವು. ರಕ್ತದೊತ್ತಡ ಏರಿಳಿಯತೊಡಗಿತು, ಬಿಟ್ಟೆವು. 24 ಗಂಟೆಯೊಳಗೆ ಹೆಚ್ಚು ಹೊತ್ತು ಎಬ್ಬಿಸಿದರೆ ಫಲಿತಾಂಶ ಕೆಡುತ್ತದೆ ಎಂದು 2015ರ ಅವರ್ಟ್ ಪ್ರಯೋಗವೂ ಹೇಳಿದೆ. ತಡ ಮಾಡಲೇಬೇಕಾದ ಮತ್ತೊಂದು ಸಂಗತಿ ಕೈಚೆಲ್ಲುವ ತೀರ್ಮಾನ. ಮೊದಲ ಎರಡು ದಿನ ‘ಇನ್ನು ಆಸೆಯಿಲ್ಲ’ ಎಂದು ಮನೆಯವರಿಗೆ ಹೇಳಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ. ರಕ್ತಸ್ರಾವದ ರೋಗಿಗಳು ನಿಧಾನವಾಗಿ, ತಿಂಗಳುಗಟ್ಟಲೆ ಚೇತರಿಸಿಕೊಳ್ಳುತ್ತಾರೆ. ಮೊದಲ ದಿನದ ಭವಿಷ್ಯವಾಣಿ ಚಿಕಿತ್ಸೆಯನ್ನೇ ನಿಲ್ಲಿಸಿ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ಈಗ ಸಿ.ಟಿ.ಯಿಂದ ಔಷಧಕ್ಕೆ ಹೆಚ್ಚೆಂದರೆ ಕಾಲು ಗಂಟೆ. ಆರನೆಯ ತಿಂಗಳಿಗೆ ಫೋನ್ ಮಾಡಿದಾಗ, ಕೋಲು ಹಿಡಿದಾದರೂ ಸ್ವತಃ ಓಡಾಡುತ್ತೇವೆ ಎನ್ನುವವರು ಮೊದಲಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದಾರೆ. ಅಂದು ಅವಸರವೇಕೆ ಎಂದವರ ವಾರ್ಡುಗಳಿಂದಲೇ ಈಗ ನಮ್ಮ ಆದೇಶದ ಪ್ರತಿ ಕೇಳಿ ಬರುತ್ತಾರೆ.

ಉಳಿದಿರುವ ವಿಳಂಬ ಸಣ್ಣ ಆಸ್ಪತ್ರೆಗಳಿಂದ ಬರುವವರದು. ಅಲ್ಲಿಂದ ಮೊದಲೇ ಫೋನ್ ಬಂದು, ಸಿ.ಟಿ. ಆಗಿ ರಕ್ತಸ್ರಾವ ಖಚಿತವಾಗಿದ್ದರೆ ಆಂಬುಲೆನ್ಸ್ ಹತ್ತಿಸುವ ಮೊದಲೇ ಔಷಧ ಶುರು ಮಾಡಿಸುತ್ತೇವೆ. ಸಿ.ಟಿ. ಆಗದಿದ್ದರೆ ಬೇಡವೆನ್ನುತ್ತೇವೆ, ಏಕೆಂದರೆ ರಕ್ತನಾಳ ಕಟ್ಟಿಕೊಂಡಿದ್ದವರಿಗೆ ಅದರಿಂದ ಕೆಡುಕಾಗುತ್ತದೆ. ಸದ್ಯ ಹಾಗೆ ಫೋನ್ ಮಾಡಿ ಕಳುಹಿಸುವವರು ಅರ್ಧದಷ್ಟು ಆಸ್ಪತ್ರೆಗಳು ಮಾತ್ರ.