ಕುಯ್ಲಿನ ಲೆಕ್ಕಕ್ಕೆ 8 ಇಂಚಿನ ಟ್ಯಾಬ್: ನನ್ನ ಅನುಭವ

ಕೊಡಗಿನ ತೋಟದಲ್ಲಿ ಕಾಫಿ ಹಣ್ಣಿನ ತೂಕ ಬರೆದುಕೊಳ್ಳಲು ನಾನು ಬಳಸುವುದು 8 ಇಂಚಿನ ಆಂಡ್ರಾಯ್ಡ್ ಟ್ಯಾಬ್. ತೂಕ ಸುಮಾರು 350 ಗ್ರಾಂ, ಬ್ಯಾಟರಿ 5,100 ಎಂಎಎಚ್. ತಕ್ಕಡಿ ಪಕ್ಕ ನಿಂತು, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕಿಲೋ ತುಂಬಲು ಇದೇ ಹದವಾದ ಅಳತೆ. 10 ಇಂಚಿನದಾದರೆ ಸ್ವಲ್ಪ ಹೊತ್ತಿಗೇ ಮಣಿಕಟ್ಟು ನೋಯುತ್ತದೆ. ಮೊಬೈಲಿನಲ್ಲಿ ಹೆಸರು, ಕಿಲೋ, ದರ ಮೂರೂ ಒಟ್ಟಿಗೆ ಕಾಣುವುದಿಲ್ಲ.

ಚೆಕ್‌ರೋಲನ್ನು (ಆಳುಗಳ ದಿನದ ಕೆಲಸ, ಕೂಲಿ ಬರೆಯುವ ಪಟ್ಟಿ) ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿದ್ದೇನೆ. ತೋಟದೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲೇ ಆ ಫೈಲಿಗೆ ಆಫ್‌ಲೈನ್ ಗುರುತು ಹಾಕಬೇಕು. ಮರೆತರೆ ಬೆಳಿಗ್ಗೆ ತಕ್ಕಡಿ ಮುಂದೆ ಫೈಲ್ ತೆರೆಯುವುದೇ ಇಲ್ಲ. ಸಂಜೆ ವೈಫೈ ಸಿಕ್ಕ ಕೂಡಲೇ ದಿನವಿಡೀ ತುಂಬಿದ್ದು ಆನ್‌ಲೈನ್ ಫೈಲಿಗೆ ತಾನಾಗಿ ಸೇರಿಕೊಳ್ಳುತ್ತದೆ. ಒಂದೇ ಹಾಳೆಯನ್ನು ಇಬ್ಬರು ಆಫ್‌ಲೈನಿನಲ್ಲಿ ತುಂಬುವುದು ಬೇಡ. ಹಾಳೆಯ ಒಂದೇ ಚೌಕಕ್ಕೆ ಇಬ್ಬರೂ ಅಂಕಿ ಹಾಕಿದ್ದರೆ ಒಬ್ಬರದು ಅಳಿಸಿಹೋಗುತ್ತದೆ.

ಇದರ ದೊಡ್ಡ ದೌರ್ಬಲ್ಯ ನೀರು. ಟ್ಯಾಬ್ ಕೆಡುತ್ತದೆ ಎನ್ನುವುದಕ್ಕಿಂತ ಮೊದಲು ಲೆಕ್ಕ ಕೆಡುತ್ತದೆ. ಡಿಸೆಂಬರಿನ ಬೆಳಿಗ್ಗೆ ಎಲೆಯಿಂದ ಮಂಜಿನ ಹನಿ ಪರದೆ ಮೇಲೆ ಬಿದ್ದರೆ, ನೀರಿಗೂ ವಿದ್ಯುತ್ ಹರಿಸುವ ಗುಣ ಇರುವುದರಿಂದ, ಪರದೆ ಅದನ್ನು ಬೆರಳೆಂದೇ ತಿಳಿಯುತ್ತದೆ. 48 ಇದ್ದದ್ದು 488 ಆಗುತ್ತದೆ, ಕೂಲಿ ಲೆಕ್ಕ ಹತ್ತು ಪಟ್ಟು ಏರುತ್ತದೆ. ಇದಕ್ಕೆ ಕಿಲೋ ಕಾಲಂಗೆ ಡೇಟಾ ವ್ಯಾಲಿಡೇಶನ್ ಹಾಕಿ: 0ಯಿಂದ 200ರೊಳಗೆ ಮಾತ್ರ, ಮೀರಿದರೆ ತಿರಸ್ಕರಿಸು. ಪ್ಲಾಸ್ಟಿಕ್ ಜಿಪ್ ಕವರಿನೊಳಗೆ ಇಟ್ಟರೂ ಟಚ್ ನಡೆಯುತ್ತದೆ, ಆದರೆ ಕವರಿನ ಮೇಲೆ ಬಿದ್ದ ಹನಿಯದೂ ಅದೇ ಕಾಟ. ಒರೆಸಲು ಅಂಗಿ ತುದಿಗಿಂತ ಒಣ ಹತ್ತಿ ಬಟ್ಟೆ ವಾಸಿ, ಒಂದು ಜೇಬಲ್ಲಿರಲಿ. ಹಣ್ಣಿನ ಅಂಟು ಮೆತ್ತಿದ ಬೆರಳಿಗೂ ಅದೇ ಬೇಕು.

ಎರಡನೆಯದು ಬಿಸಿಲು. ಸಿಲ್ವರ್ ಓಕ್ ನೆರಳಲ್ಲಿ ಪರದೆ ಚೆನ್ನಾಗಿ ಕಾಣುತ್ತದೆ. ಫೆಬ್ರವರಿ ಮಧ್ಯಾಹ್ನ ಕಣದಲ್ಲಿ ಏನೂ ಕಾಣದು. ಕಾದ ಸಿಮೆಂಟಿನ ಮೇಲೆ ಇಟ್ಟರಂತೂ ಬಿಸಿಯಾಗಿ ಬೆಳಕು ತಾನೇ ಇಳಿಯುತ್ತದೆ, ಚಾರ್ಜೂ ನಿಂತುಬಿಡುತ್ತದೆ.

ಕರೆಂಟ್ ಹೋದಾಗ 10,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ಅದರಲ್ಲಿರುವುದು ಸುಮಾರು 37 ವ್ಯಾಟ್-ಅವರ್, ಟ್ಯಾಬಿಗೆ ಬೇಕಾದದ್ದು 19-20. ಪರಿವರ್ತನೆಯ ನಷ್ಟ ಕಳೆದು ಒಂದೂವರೆ ಸಲ ತುಂಬಿಸಬಹುದು, ಎರಡು ಸಲ ಅಲ್ಲ. ಗುಡುಗು ಶುರುವಾದರೆ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತೇ ಇಡಬೇಕು, ಸ್ವಿಚ್ ಆರಿಸಿದರೆ ಸಾಲದು.

ಮಳೆ ಲೆಕ್ಕಕ್ಕೂ ಅದೇ ಫೈಲು. ನಮ್ಮಲ್ಲಿ ಇಂಚು-ಸೆಂಟ್ಸ್‌ನಲ್ಲೇ ಹೇಳುವುದು ರೂಢಿ: 100 ಸೆಂಟ್ಸ್ ಒಂದು ಇಂಚು, 25.4 ಮಿಲಿಮೀಟರ್. ಸೆಂಟ್ಸ್ ತುಂಬಿ ಪಕ್ಕದ ಕಾಲಂನಲ್ಲಿ 0.254ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಬಿತ್ತು, ಬ್ಯಾಕಿಂಗ್ ಶವರ್ (ಹೂ ಅರಳಿದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ಎಷ್ಟು ದಿನಕ್ಕೆ ಬಂತು ಎಂದು ಮುಂದಿನ ವರ್ಷ ಹುಡುಕುವಾಗ ಪುಸ್ತಕಕ್ಕಿಂತ ಇದು ಎಷ್ಟೋ ವಾಸಿ.

ಕೊಳ್ಳುವಾಗ ಒಂದನ್ನು ವಿಚಾರಿಸಿ: ವೈಫೈ ಮಾತ್ರ ಇರುವ ಎಷ್ಟೋ ಮಾದರಿಗಳಲ್ಲಿ ಜಿಪಿಎಸ್ ಇರುವುದಿಲ್ಲ. ಬೇಲಿ ಅಳೆಯಲು, ಮೆಣಸಿನ ಬಳ್ಳಿ ಗುರುತು ಹಾಕಲು ಅದಿಲ್ಲದೆ ಆಗದು. ಇದ್ದರೂ ದಟ್ಟ ಮರದಡಿ ಕೆಲವು ಮೀಟರ್ ತಪ್ಪು ತೋರಿಸುತ್ತದೆ.

ಮಳೆಗಾಲದಲ್ಲಿ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ನೀರು ಹೊಕ್ಕರೆ ಅಕ್ಕಿಯಲ್ಲಿ ಹೂಳಬೇಡಿ, ಪುಡಿ ಹೋಗಿ ಚಾರ್ಜಿಂಗ್ ತೂತಿನಲ್ಲಿ ಕೂರುತ್ತದೆ. ಆಫ್ ಮಾಡಿ, ತೂತು ಕೆಳಮುಖವಾಗಿರುವಂತೆ ಫ್ಯಾನಿನಡಿ ಒರಗಿಸಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬಾರದು. ಒದ್ದೆ ಪಿನ್ನಿಗೆ ಕರೆಂಟ್ ಹರಿದರೆ ಹಸಿರು ಕಿಲುಬು ಹಿಡಿಯುತ್ತದೆ.