ಮೇಜರ್, ಮೈನರ್ ಪೆಂಟಟಾನಿಕ್ ಬೆರೆಸಿ ಬ್ಲೂಸ್: ನನಗೆ ದಾರಿ ಸಿಕ್ಕಿದ್ದು ಹೀಗೆ

ಮೇಜರ್ ಪೆಂಟಟಾನಿಕ್, ಮೈನರ್ ಪೆಂಟಟಾನಿಕ್ ಅನ್ನೋ ಐದೈದು ಸ್ವರದ ಎರಡು ಸ್ಕೇಲ್‌ಗಳನ್ನು ಒಂದೇ ಗಿಟಾರ್ ಸೋಲೋದಲ್ಲಿ ಬೆರೆಸೋದು ಅಭ್ಯಾಸ ಮಾಡಿ ಬರುವಂಥದ್ದಲ್ಲ, ವರ್ಷಗಟ್ಟಲೆ ಕೇಳಿ ಕೇಳಿ ತಾನಾಗೇ ಬರಬೇಕು ಅಂತ ನನಗೆ ಹೇಳದವರೇ ಇಲ್ಲ. ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಹೇಳಿದ. ಪಾಠ ಮಾಡಿದವರೂ ಹೇಳಿದರು. "ಮೈನರ್ ಬಾಕ್ಸ್ ಚೆನ್ನಾಗಿ ನುಡಿಸ್ತೀಯಲ್ಲ, ಅದರಲ್ಲೇ ಇರು" ಅನ್ನೋದೇ ಎಲ್ಲರ ಸಲಹೆ. ನಾನು ಒಪ್ಪಲಿಲ್ಲ. ಈಗ ಹತ್ತಿರ ಹತ್ತಿರ ಒಂದು ವರ್ಷದಿಂದ ಅದು ಕೈಯಲ್ಲಿ ಕೂತಿದೆ. ತೂಗುವ ನಡೆಯ ಷಫಲ್ ಆಗಲಿ, ನಿಧಾನದ ಬ್ಲೂಸ್ ಆಗಲಿ, ಯಾವ ಕೀ (ಮೂಲ ಸ್ವರ) ಕೊಟ್ಟರೂ ನುಡಿಸುತ್ತೇನೆ. ಬಾಕ್ಸ್‌ಗಳು (ಫ್ರೆಟ್‌ಗಳ ಮೇಲೆ ಒಂದು ಸ್ಕೇಲ್ ಕೂರುವ ಬೆರಳಿನ ಅಚ್ಚು), ಹನ್ನೆರಡು ಬಾರ್‌ನ ನಡೆ (ಒಂದನೇ, ನಾಲ್ಕನೇ, ಐದನೇ ಕಾರ್ಡ್‌ಗಳು, ಎ ಕೀಯಲ್ಲಿ ಎ7, ಡಿ7, ಇ7, ಹನ್ನೆರಡು ಬಾರ್‌ಗೊಮ್ಮೆ ಸುತ್ತೋದು) ಎಲ್ಲ ನಿಮಗೆ ಗೊತ್ತಿರುತ್ತೆ ಅಂದುಕೊಂಡೇ ಬರೆಯುತ್ತಿದ್ದೇನೆ. ಉದಾಹರಣೆಗಳು ಬಹುಪಾಲು ಎ ಕೀಯಲ್ಲಿವೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಅವುಗಳಲ್ಲೇ ನನಗೆ ಎರಡು ವರ್ಷದ ಮೇಲೆ ಹೋಯಿತು.

ಎಲ್ಲರೂ ಹೇಳಿಕೊಡೋದು ಮೂರು ಫ್ರೆಟ್‌ನ ಉಪಾಯ. 5ನೇ ಫ್ರೆಟ್‌ನ ಮೈನರ್ ಬಾಕ್ಸನ್ನು ಹಾಗೇ ಎತ್ತಿ 2ನೇ ಫ್ರೆಟ್‌ಗೆ ಇಟ್ಟರೆ ಎ ಮೇಜರ್ ಪೆಂಟಟಾನಿಕ್ ಸಿಗುತ್ತೆ. ಬೆರಳಿಗೆ ಹೊಸದೇನೂ ಕಲಿಯಬೇಕಿಲ್ಲ, ಒಂದೇ ದಿನದಲ್ಲಿ ಬರುತ್ತೆ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಇಬ್ಬರು ಗಿಟಾರಿಸ್ಟ್‌ಗಳು ಸರದಿ ಮೇಲೆ ನುಡಿಸಿದ ಹಾಗಿತ್ತು. ಕೆಳಗಿಳಿದರೆ ಕಂಟ್ರಿ, ಮೇಲೆ ಬಂದರೆ ರಾಕ್. ಐದನೇ ಬಾರ್ ಇನ್ನೂ ಕಷ್ಟ. ಅಲ್ಲಿ ಡಿ7 ಬರುತ್ತೆ, ಅದರೊಳಗೆ ಸಿ ಇದೆ. ಮೇಜರ್ ಬಾಕ್ಸ್‌ನಲ್ಲೇ ಉಳಿದು ಸಿ ಶಾರ್ಪ್ ಮೇಲೆ ನಿಂತರೆ ಎರಡೂ ನೇರ ಡಿಕ್ಕಿ ಹೊಡೆಯುತ್ತವೆ. ನಿಧಾನದ ಬ್ಲೂಸ್‌ನಲ್ಲಂತೂ ಆ ಒಂದು ಸ್ವರ ಇಡೀ ಬಾರನ್ನು ಹುಳಿ ಮಾಡಿಬಿಡುತ್ತೆ.

ಆಮೇಲೆ ಎರಡನ್ನೂ ಒಂದೇ ದೊಡ್ಡ ಸ್ಕೇಲ್ ಅಂತ ಕಲಿತೆ. ಎ, ಬಿ, ಸಿ, ಸಿ ಶಾರ್ಪ್, ಡಿ, ಇ, ಎಫ್ ಶಾರ್ಪ್, ಜಿ. ಎಂಟು ಸ್ವರ. ಮಧ್ಯದ ಬ್ಲೂ ನೋಟ್ ಇ ಫ್ಲ್ಯಾಟ್ ಸೇರಿಸಿದರೆ ಒಂಬತ್ತು. ಇರೋ ಹನ್ನೆರಡರಲ್ಲಿ ಒಂಬತ್ತನ್ನೂ ನುಡಿಸಬಹುದು ಅಂದಮೇಲೆ ಯಾವ ಸ್ವರಕ್ಕೂ ತೂಕ ಉಳಿಯಲ್ಲ. ಕೈ ಸುಮ್ನೆ ಮೇಲೆ ಕೆಳಗೆ ಓಡುತ್ತಿತ್ತು, ಮಾತು ಮಾತ್ರ ಹುಟ್ಟುತ್ತಿರಲಿಲ್ಲ.

ಮೂರನೇದು, ಪ್ರತಿ ಕಾರ್ಡ್‌ಗೂ ಅದರದೇ ಮೇಜರ್ ಪೆಂಟಟಾನಿಕ್. ಡಿ7 ಬಂದರೆ ಡಿ, ಇ, ಎಫ್ ಶಾರ್ಪ್, ಎ, ಬಿ. ಡಿಕ್ಕಿ ಎಲ್ಲೂ ಇಲ್ಲ. ಆದರೆ ಬ್ಲೂಸೂ ಇಲ್ಲ. ಎಲ್ಲ ಕಡೆ ಬರೀ ಸಿಹಿ, ಕಡಿಯೋದಕ್ಕೆ ಏನೂ ಸಿಗಲ್ಲ.

ಈ ಮಧ್ಯೆ ದುಡ್ಡು ಸುಮಾರು ಹೋಯಿತು. "ಬೆರೆಸುವ ಗುಟ್ಟು" ಅಂತ ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡೆ. ಅದರಲ್ಲಿ ಇದ್ದದ್ದು ಮೇಲೆ ಹೇಳಿದ ಮೂರು ಫ್ರೆಟ್‌ನ ಉಪಾಯ, ಐದು ಬಾಕ್ಸ್‌ಗೂ ಬೇರೆ ಬೇರೆ ವಿಡಿಯೊ ಮಾಡಿ ಉದ್ದ ಎಳೆದಿದ್ದರು. ಆ ದುಡ್ಡಿಗೆ ಒಂದು ಒಳ್ಳೆ ಲೂಪರ್ (ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಪೆಡಲ್) ಬಂದು ಮೇಲೆ ತಂತಿಗೂ ಉಳಿಯುತ್ತಿತ್ತು. ದನಿ ಸರಿ ಇಲ್ಲದ್ದಕ್ಕೇ ಹೀಗೆ ಕೇಳಿಸುತ್ತಿರಬಹುದು ಅಂತ ಓವರ್‌ಡ್ರೈವ್ ಪೆಡಲ್ ಎರಡು ಸಲ ಬದಲಾಯಿಸಿದೆ. ಬ್ಯಾಕಿಂಗ್ ಟ್ರ್ಯಾಕ್‌ಗಳ ಒಂದು ದೊಡ್ಡ ಕಟ್ಟೂ ಕೊಂಡೆ. ಕಡೆಗೆ ಕೆಲಸಕ್ಕೆ ಬಂದದ್ದು ಹಳೇ ಲೂಪರ್ ಮಾತ್ರ. ಅದೂ ಸೆಕೆಂಡ್ ಹ್ಯಾಂಡ್.

ದಾರಿ ತೋರಿಸಿದ್ದು ಸ್ಕೇಲ್ ಅಲ್ಲ, ಕಂಪಿಂಗ್, ಅಂದರೆ ಬೇರೆಯವರ ಹಿಂದೆ ಕಾರ್ಡ್ ನುಡಿಸೋದು. ಕೀಬೋರ್ಡ್ ನುಡಿಸುವವರ ಹಿಂದೆ ಜಾಗ ಬಿಟ್ಟುಕೊಡೋಕೆ ಅಂತ ಪೂರ್ತಿ ಕಾರ್ಡ್ ಬಿಟ್ಟು ಎರಡೇ ಎರಡು ಸ್ವರ ಹಿಡಿಯುತ್ತಿದ್ದೆ. ಎ7ಗೆ ಮೂರನೇ ತಂತಿ 6ನೇ ಫ್ರೆಟ್, ಎರಡನೇ ತಂತಿ 8ನೇ ಫ್ರೆಟ್. ಅಂದರೆ ಸಿ ಶಾರ್ಪ್ ಮತ್ತು ಜಿ. ಡಿ7 ಬಂದಾಗ ಅದೇ ಹಿಡಿತ ಒಂದು ಫ್ರೆಟ್ ಕೆಳಗೆ, 5 ಮತ್ತು 7. ಸಿ ಮತ್ತು ಎಫ್ ಶಾರ್ಪ್. ಇ7ಗೆ ಎ7ರ ಹಿಡಿತಕ್ಕಿಂತ ಒಂದು ಫ್ರೆಟ್ ಮೇಲೆ, 7 ಮತ್ತು 9. ಡಿ ಮತ್ತು ಜಿ ಶಾರ್ಪ್. ಕಾರ್ಡ್‌ನ ಮೂರನೇ ಸ್ವರ, ಏಳನೇ ಸ್ವರ, ಅಷ್ಟೇ. ಇದು ಹಳೇ ವಿಷಯ, ನಿಮಗೆಲ್ಲ ಗೊತ್ತು.

ಒಂದು ದಿನ ಈ ಸ್ವರಗಳನ್ನು ಸ್ಕೇಲ್‌ಗಳ ಪಕ್ಕ ಬರೆದು ನೋಡಿದೆ. ಎ7ರ ಸಿ ಶಾರ್ಪ್ ಮೇಜರ್ ಪೆಂಟಟಾನಿಕ್‌ದು, ಜಿ ಮೈನರ್‌ದು. ಡಿ7ರ ಎಫ್ ಶಾರ್ಪ್ ಮೇಜರ್‌ದು, ಸಿ ಮೈನರ್‌ದು. ಒಂದೊಂದು ಕಾರ್ಡೂ ಎರಡೂ ಸ್ಕೇಲ್‌ನಿಂದ ಒಂದೊಂದು ಸ್ವರ ಕೇಳುತ್ತಿದೆ. ಹಾಗಿದ್ದರೆ "ಈ ಬಾರ್‌ಗೆ ಮೇಜರ್, ಆ ಬಾರ್‌ಗೆ ಮೈನರ್" ಅನ್ನೋ ಲೆಕ್ಕವೇ ಸರಿಯಲ್ಲ, ಅಲ್ವಾ? ಬದಲಾಗಬೇಕಾದ್ದು ಸ್ಕೇಲ್ ಅಲ್ಲ, ಎರಡು ಬೆರಳು. ಅದೂ ಅರ್ಧ ಸ್ವರದಷ್ಟು. ಸಿ ಶಾರ್ಪ್ ಇಳಿದು ಸಿ ಆಗುತ್ತೆ, ಜಿ ಇಳಿದು ಎಫ್ ಶಾರ್ಪ್ ಆಗುತ್ತೆ. ಮಿಕ್ಕ ಸ್ವರಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ.

ಇದನ್ನು ಬ್ಯಾಂಡಿನಲ್ಲಿ ಹೇಳಿದಾಗ ಯಾರಿಗೂ ನಂಬಿಕೆ ಬರಲಿಲ್ಲ. "ಸೋಲೋ ನುಡಿಸುವಾಗ ಇಷ್ಟೆಲ್ಲ ಲೆಕ್ಕ ಹಾಕಿದರೆ ಭಾವ ಎಲ್ಲಿಂದ ಬರುತ್ತೆ?" ಅಂದರು. ಲೆಕ್ಕ ಹಾಕೋದು ಅಭ್ಯಾಸದಲ್ಲಿ. ವೇದಿಕೆ ಮೇಲೆ ಕೈ ತಾನೇ ಹೋಗಬೇಕು, ಹೋಗುತ್ತೆ.

ಅಭ್ಯಾಸ ಮಾಡಿದ್ದು ಹೀಗೆ. ಲೂಪರ್‌ನಲ್ಲಿ ಕಾರ್ಡ್ ಹಾಕಲೇ ಇಲ್ಲ. ಬರೀ ಬೇಸ್ ಸ್ವರ, ಎರಡು ಬಾರ್ ಎ, ಎರಡು ಬಾರ್ ಡಿ. ವೇಗ ನಿಮಿಷಕ್ಕೆ 60 ಬೀಟ್‌ನ ಆಸುಪಾಸು. ಕಾರ್ಡ್ ಹಾಕಿದರೆ ಕಿವಿ ಅದರ ಮೇಲೆ ಒರಗಿಬಿಡುತ್ತೆ. ಬರೀ ಬೇಸ್ ಇದ್ದರೆ ಅದು ಎ7 ಅನ್ನೋದನ್ನ ನಿಮ್ಮ ಸೋಲೋನೇ ಹೇಳಬೇಕು. ನುಡಿಸೋ ಜಾಗವನ್ನೂ ಚಿಕ್ಕದು ಮಾಡಿಕೊಂಡೆ. ಮೂರನೇ ತಂತಿಯಲ್ಲಿ 5, 6, 7. ಎರಡನೇ ತಂತಿಯಲ್ಲಿ 5, 7, 8. ಮೊದಲನೇ ತಂತಿಯಲ್ಲಿ 5 ಮಾತ್ರ, ರೂಟ್‌ಗೆ (ಮೂಲ ಸ್ವರ ಎ) ಮನೆ ಬೇಕಲ್ಲ. ಒಟ್ಟು ಏಳು ಸ್ವರ.

ಒಂದೇ ನಿಯಮ. ಡಿ ಬಂದ ಮೊದಲ ಬೀಟ್‌ನಲ್ಲಿ ಸಿ ಅಥವಾ ಎಫ್ ಶಾರ್ಪ್ ಬಿದ್ದಿರಬೇಕು. ಎ ಬಂದ ಮೊದಲ ಬೀಟ್‌ನಲ್ಲಿ ಸಿ ಶಾರ್ಪ್ ಅಥವಾ ಜಿ. ನಡುವೆ ಏನು ಬೇಕಾದರೂ ಮಾಡಿ. ಮೊದಲ ಎರಡು ಮೂರು ವಾರ ಬಹಳ ಬೇಸರದ ಕೆಲಸ. ಬೀಟ್ ಬರೋ ಹೊತ್ತಿಗೆ ಬೆರಳು ಬೇರೆಲ್ಲೋ ಇರುತ್ತೆ. ಒಂದು ಬಾರ್ ಮೊದಲೇ "ಎಲ್ಲಿಗೆ ಹೋಗ್ತಿದ್ದೀನಿ" ಅಂತ ನೋಡಿಕೊಳ್ಳೋದು ಅಭ್ಯಾಸವಾದಮೇಲೆ ಸೋಲೋದ ಆಕಾರವೇ ಬದಲಾಯಿತು. ಲಿಕ್‌ಗಳು (ಚಿಕ್ಕ ಚಿಕ್ಕ ಸ್ವರಗುಚ್ಛಗಳು) ಬಾರ್ ಗೆರೆಯ ಹತ್ತಿರ ನಿಲ್ಲೋದು ಬಿಟ್ಟು ಅದನ್ನು ದಾಟೋಕೆ ಶುರು ಮಾಡಿದವು.

ಈ ಹಂತ ಗಟ್ಟಿಯಾದಮೇಲೆ ಸಿಯನ್ನು ಬಗ್ಗಿಸೋದು, ಅಂದರೆ ತಂತಿ ತಳ್ಳಿ ಸ್ವರ ಏರಿಸೋದು (ಬೆಂಡ್). ಎ7 ಮೇಲೆ ಸಿಯನ್ನು ನೇರ ನುಡಿಸಿದರೆ ಸಪ್ಪೆ. ಒಂದೋ 5ರಿಂದ 6ಕ್ಕೆ ಹ್ಯಾಮರ್ ಆನ್ (ಮತ್ತೆ ಮೀಟದೆ ಬೆರಳು ಬಡಿದು ಸ್ವರ ಬರಿಸೋದು), ಇಲ್ಲ ಸಿಯನ್ನೇ ಚೂರು ಬೆಂಡ್ ಮಾಡಿ ಸಿಗೂ ಸಿ ಶಾರ್ಪ್‌ಗೂ ನಡುವೆ ಬಿಡೋದು. ಬ್ಲೂಸ್‌ನ ಜೀವ ಇರೋದೇ ಆ ಸಂದಿಯಲ್ಲಿ. ಆದರೆ ಡಿ7 ಬಂದ ತಕ್ಷಣ ಅದೇ ಸಿಯನ್ನು ಮುಟ್ಟಿ ಬಗ್ಗಿಸದೆ ಬಿಡಬೇಕು. ಅಲ್ಲಿ ಅದು ಕಾರ್ಡ್‌ನ ಸ್ವಂತ ಸ್ವರ. ಹೆಚ್ಚಿನವರು ಅಭ್ಯಾಸಬಲದಿಂದ ಅಲ್ಲೂ ಬಗ್ಗಿಸುತ್ತಾರೆ, ಕೇಳಿ ನೋಡಿ.

ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಹೆಸರಲ್ಲಿ ಬಿ.ಬಿ. ಕಿಂಗ್ ಬಾಕ್ಸ್ ಅಂತ ಎಲ್ಲರೂ ಕರೆಯುವ ಜಾಗದಲ್ಲಿ ಇದು ಇನ್ನೂ ಚೆನ್ನಾಗಿ ಕೂರುತ್ತೆ. ಎ ರೂಟ್ ಎರಡನೇ ತಂತಿ 10ನೇ ಫ್ರೆಟ್. ಅದೇ ತಂತಿಯ 12ರಲ್ಲಿ ಬಿ ಇದೆ. ಅದನ್ನು ಅರ್ಧ ಬೆಂಡ್ ಮಾಡಿದರೆ ಸಿ, ಪೂರ್ತಿ ಬೆಂಡ್ ಮಾಡಿದರೆ ಸಿ ಶಾರ್ಪ್. ಎ7ಗೆ ಪೂರ್ತಿ, ಡಿ7ಗೆ ಅರ್ಧ. ಒಂದೇ ಬೆರಳು, ಒಂದೇ ಫ್ರೆಟ್, ಒತ್ತೋದರಲ್ಲಿ ಮಾತ್ರ ವ್ಯತ್ಯಾಸ. ಕಷ್ಟ ಇರೋದು ಅರ್ಧ ಬೆಂಡ್‌ನಲ್ಲೇ. ಪೂರ್ತಿ ಬೆಂಡ್ ಕೈಗೆ ಗೊತ್ತು, ಅರ್ಧಕ್ಕೆ ನಿಲ್ಲಿಸೋದು ಗೊತ್ತಿಲ್ಲ. 13 ಮತ್ತು 14ನೇ ಫ್ರೆಟ್ ಒತ್ತಿ ಕೇಳಿಕೊಂಡು, ಆಮೇಲೆ ಬೆಂಡ್ ಮಾಡಿ ಹೊಂದಿಸಿದೆ. ದಿನಕ್ಕೆ ಹತ್ತು ನಿಮಿಷ ಇದಕ್ಕೇ ಇಟ್ಟಿದ್ದೆ.

ಇಲ್ಲಿ ತಂತಿಯ ಪ್ರಯೋಗವನ್ನೂ ಮಾಡಿದೆ. ತೆಳ್ಳನೆಯ 9ರ ತಂತಿ ಸೆಟ್‌ನಲ್ಲಿ ಬೆರಳು ಸ್ವಲ್ಪ ಜಾರಿದರೂ ಅರ್ಧ ಬೆಂಡ್ ಮುಕ್ಕಾಲಾಗಿಬಿಡುತ್ತೆ. ದಪ್ಪನೆಯ 11ರಲ್ಲಿ ಅಳತೆ ಸರಿಯಾಗಿ ನಿಲ್ಲುತ್ತೆ, ಆದರೆ ಕಾರ್ಯಕ್ರಮದ ಎರಡನೇ ಭಾಗದ ಹೊತ್ತಿಗೆ ಬೆರಳು ಸೋಲುತ್ತೆ. ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿದರೆ 11 ಹಿತವಾಗಿತ್ತು, ಆದರೆ ಕೀಬೋರ್ಡ್ ಜೊತೆ ಪ್ರತಿ ಸಲ ಕೀ ಲೆಕ್ಕ ಹಾಕೋದು ತಲೆನೋವು. 10ಕ್ಕೆ ಬಂದು ನಿಂತೆ.

ಇನ್ನೊಂದು ಪ್ರಯೋಗ ಹಾರ್ಮೋನಿಕಾ ಕೇಳಿ ಹುಟ್ಟಿದ್ದು. ಎ ಕೀಯ ಬ್ಲೂಸ್‌ಗೆ ಅದನ್ನು ನುಡಿಸುವವರು ಹಿಡಿಯೋದು ಡಿ ಹಾರ್ಪ್, ಅಂದರೆ ಡಿ ಕೀಯ ಹಾರ್ಮೋನಿಕಾ. ಅದರ ಮೂರನೇ ತೂತಿನಲ್ಲಿ ಉಸಿರು ಎಳೆದರೆ ಸಿ ಶಾರ್ಪ್, ಎಳೆಯುತ್ತಲೇ ಬೆಂಡ್ ಮಾಡಿದರೆ ಸಿ. ಅವರಿಗೆ ಎರಡು ಸ್ಕೇಲ್ ಅನ್ನೋ ಯೋಚನೆಯೇ ಬೇಡ, ಒಂದೇ ತೂತಿನಲ್ಲಿ ಎರಡೂ ಇವೆ. ಅದನ್ನು ಅನುಕರಿಸೋಕೆ ಸಿ ಶಾರ್ಪ್‌ಗೆ ಮೊದಲೇ ಬೆಂಡ್ ಮಾಡಿಟ್ಟುಕೊಂಡು, ಮೀಟಿ, ನಿಧಾನಕ್ಕೆ ಸಿಗೆ ಇಳಿಸೋದನ್ನ ಕಲಿತೆ. ಎ7ರಿಂದ ಡಿ7ಗೆ ದಾಟುವ ಜಾಗದಲ್ಲಿ ಇದನ್ನು ಹಾಕಿದರೆ ಜನ ತಿರುಗಿ ನೋಡುತ್ತಾರೆ.

ರಾಗದ ಕಡೆಗೂ ಹೋಗಿ ಬಂದೆ. ಸ್ವರಗಳಷ್ಟನ್ನೇ ನೋಡಿದರೆ ಮೇಜರ್ ಪೆಂಟಟಾನಿಕ್ ಅಂದರೆ ಮೋಹನ, ಮೈನರ್ ಅಂದರೆ ಶುದ್ಧ ಧನ್ಯಾಸಿ. ಹಿಂದೂಸ್ತಾನಿಯ ಜೋಗ್‌ನಲ್ಲಿ ಎರಡೂ ಗಾಂಧಾರ ಇವೆ, ಏರುವಾಗ ಶುದ್ಧ, ಇಳಿಯುವಾಗ ಕೋಮಲ. ಎ7 ಮೇಲೆ ಜೋಗ್‌ನ ಸ್ವರಗಳು ಚೆನ್ನಾಗಿಯೇ ಕೂತವು. ಆದರೆ ಅದರಲ್ಲಿ ಧೈವತ ಇಲ್ಲ, ಅಂದರೆ ಎಫ್ ಶಾರ್ಪ್ ಇಲ್ಲ. ಡಿ7 ಬಂದಾಗ ಕಾರ್ಡ್‌ನ ಮುಖ್ಯ ಸ್ವರವೇ ಕೈಯಲ್ಲಿ ಇರಲ್ಲ. ಅಲ್ಲಿಗೆ ಬಿಟ್ಟೆ.

ಕೇಳೋಕೆ ಯಾರನ್ನು ಇಟ್ಟುಕೊಳ್ಳಬೇಕು ಅಂತ ಕೇಳುವವರಿಗೆ: ಆಲ್ಬರ್ಟ್ ಕಿಂಗ್ ದೊಡ್ಡ ಬೆಂಡ್‌ಗಳ ದೊರೆ, ಆದರೆ ಬಹುಪಾಲು ಮೈನರ್ ಕಡೆ. ಬೆರಕೆ ಕಲಿಯೋಕೆ ಬಿ.ಬಿ. ಕಿಂಗ್, ಮತ್ತು 1968ರಲ್ಲಿ ಕ್ರೀಮ್ ಬ್ಯಾಂಡ್ ಜೊತೆ ವೇದಿಕೆ ಮೇಲೆ ನುಡಿಸಿದ ಎರಿಕ್ ಕ್ಲ್ಯಾಪ್ಟನ್. ಒಂದೇ ಕೋರಸ್ (ಹನ್ನೆರಡು ಬಾರ್‌ನ ಒಂದು ಸುತ್ತು) ಹಿಡಿದು ಬರೀ ಸಿ, ಸಿ ಶಾರ್ಪ್ ಎಲ್ಲೆಲ್ಲಿ ಬರುತ್ತೆ ಅಂತ ಗುರುತು ಹಾಕಿ. ಕೀ ಬೇರೆ ಇದ್ದರೆ ಆ ಕೀಯ ಮೂರನೇ ಸ್ವರದ ಮೈನರ್, ಮೇಜರ್ ಎರಡೂ ರೂಪಗಳು. ಉಳಿದದ್ದು ಬಿಟ್ಟುಬಿಡಿ.

ಇ7 ಬೇರೆ ಕಥೆ. ಅದರ ಜಿ ಶಾರ್ಪ್ ಎರಡೂ ಸ್ಕೇಲ್‌ನಲ್ಲಿ ಇಲ್ಲ. ಮೈನರ್‌ನ ಜಿಯನ್ನೇ ನುಡಿಸಿದರೆ ಒರಟಾಗಿ ಕೇಳಿಸುತ್ತೆ, ಆದರೆ ಬ್ಲೂಸ್‌ಗೆ ಅದು ಒಗ್ಗುತ್ತೆ. ನಾನು ಬಿ ಮತ್ತು ಡಿ ಸುತ್ತ ಇದ್ದು ಒಂದೇ ಸಲ ಜಿ ಶಾರ್ಪ್ ಮುಟ್ಟುತ್ತೇನೆ. 9ನೇ ಬಾರ್‌ನಿಂದ 10ಕ್ಕೆ, ಅಂದರೆ ಇ7ರಿಂದ ಡಿ7ಗೆ ಇಳಿಯುವಾಗ, ಎರಡು ತಂತಿ ಸೇರಿಸಿ ನುಡಿಸುವ ಒಂದು ಚಲನೆ ಇದೆ. ಅದನ್ನು ಕಟ್ಟೋಕೆ ತಿಂಗಳುಗಟ್ಟಲೆ ಕೂತಿದ್ದೇನೆ, ಹಾಗಾಗಿ ಅದು ನನ್ನ ಹತ್ತಿರವೇ ಇರಲಿ. ಮೇಲೆ ಹೇಳಿದ ಮೂರು ಹಿಡಿತಗಳನ್ನು ದಿಟ್ಟಿಸಿ ನೋಡಿದರೆ ನಿಮಗೂ ಸಿಗುತ್ತೆ. ಟರ್ನ್‌ಅರೌಂಡ್‌ನದ್ದನ್ನೂ (ಸುತ್ತಿನ ಕೊನೆಯ ತಿರುವು) ಹೇಳಲ್ಲ.

ಆರೇಳು ತಿಂಗಳಾದ ಮೇಲೆ ಒಂದು ಜ್ಯಾಮ್‌ನಲ್ಲಿ ಪರೀಕ್ಷೆ ಆಯಿತು. ಎರಡನೇ ಕೋರಸ್‌ನಲ್ಲಿ ನಮ್ಮ ಕೀಬೋರ್ಡ್‌ನವರು ಕೈ ತೆಗೆದು ಸುಮ್ಮನೆ ಕೂತರು. ಬೇಸ್, ಡ್ರಮ್ಸ್, ನಾನು, ಅಷ್ಟೇ. ಮುಗಿದಮೇಲೆ ಅವರು ಹೇಳಿದ್ದು: "ನಾನು ನುಡಿಸೋ ಅಗತ್ಯವೇ ಇರಲಿಲ್ಲ ಕಣೋ. ನಿನ್ನ ಸೋಲೋದಲ್ಲೇ ಕಾರ್ಡ್ ಕೇಳಿಸ್ತಿತ್ತು." ಅವರು ಸುಲಭಕ್ಕೆ ಹೊಗಳುವವರಲ್ಲ. "ಅದು ತಾನಾಗೇ ಬರಬೇಕು" ಅಂದಿದ್ದ ಗಿಟಾರಿಸ್ಟ್ ಮಾರನೇ ವಾರ ಲೂಪರ್ ತಗೊಂಡು ಬಂದ.

ಬೇರೆ ಕೀಗಳಿಗೆ ಹಿಡಿತ ಹಾಗೇ ಜರುಗಿಸಿ. ಇ ಕೀಯಲ್ಲಿ ಮಾತ್ರ ನೆನಪಿಡಿ, ನಾಲ್ಕನೇ ಕಾರ್ಡ್‌ಗೆ ಬೇಕಾದ ಜಿ ಈ ಹಿಡಿತದಲ್ಲಿ ಖಾಲಿ ತಂತಿಗೆ ಬೀಳುತ್ತೆ. ವೈಬ್ರಾಟೋ ಹಾಕೋಕಾಗಲ್ಲ, 12ನೇ ಫ್ರೆಟ್ ಕಡೆ ಹೋಗಿ. ಮೈನರ್ ಬ್ಲೂಸ್‌ಗೆ ಇದ್ಯಾವುದೂ ಬೇಡ. ಎ ಮೈನರ್ ಮೇಲೆ ಸಿ ಶಾರ್ಪ್ ನಿಲ್ಲಲ್ಲ, ಡಿ ಮೈನರ್ ಮೇಲೆ ಎಫ್ ಶಾರ್ಪೂ ನಿಲ್ಲಲ್ಲ.

ಶುರು ಮಾಡೋ ಮೊದಲು ಬೇಸ್‌ನವರ ಹತ್ತಿರ ಒಂದು ಮಾತು ಕೇಳಿಕೊಳ್ಳಿ, ಎರಡನೇ ಬಾರ್‌ನಲ್ಲೇ ನಾಲ್ಕನೇ ಕಾರ್ಡ್‌ಗೆ ಹೋಗ್ತೀರಾ ಅಂತ. ಹೋಗೋದಾದರೆ ಸಿ ಅಲ್ಲೇ ಬರಬೇಕು, ಐದನೇ ಬಾರ್‌ವರೆಗೆ ಕಾಯೋ ಹಾಗಿಲ್ಲ.